ದುಬೈಯ ಸುತ್ತಿಗೆ, ಉಳ್ಳಾಲದ ಕಲ್ಲು

2023ರ ಡಿಸೆಂಬರ್ 13ರಂದು ದುಬೈಯಲ್ಲಿ ಸುಲ್ತಾನ್ ಅಲ್ ಜಾಬರ್ ಮೇಜಿನ ಮೇಲೆ ಸುತ್ತಿಗೆ ಕುಟ್ಟಿದಾಗ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಲ್ಲಿದ್ದಲು, ತೈಲ, ಅನಿಲಗಳಿಂದ ಜಗತ್ತು ದೂರ ಸರಿಯಬೇಕು ಎಂಬ ಮಾತು ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯ ನಿರ್ಣಯದೊಳಗೆ ಬರಲು ಸುಮಾರು ಮೂರು ದಶಕ ಹಿಡಿದಿತ್ತು. ಸುತ್ತಿಗೆ ಹಿಡಿದ ಅಲ್ ಜಾಬರ್ ಅಬುಧಾಬಿಯ ಸರಕಾರಿ ತೈಲ ಕಂಪನಿ ಅಡ್ನಾಕ್‌ನ ಮುಖ್ಯಸ್ಥರೂ ಹೌದು. ಎಣ್ಣೆ ಮಾರುವವರೇ ಎಣ್ಣೆ ಬಿಡುವ ಸಭೆಗೆ ಅಧ್ಯಕ್ಷರಾದ ಈ ವ್ಯಂಗ್ಯದ ಬಗ್ಗೆ ಜಗತ್ತಿನ ಪತ್ರಿಕೆಗಳೆಲ್ಲ ಪುಟಗಟ್ಟಲೆ ಬರೆದವು. ಆದರೆ ಅದೇ ಅಡ್ನಾಕ್‌ನ ಕಚ್ಚಾ ತೈಲದ ಒಂದು ಉಗ್ರಾಣ ಮಂಗಳೂರಿನ ಬಂಡೆಯೊಳಗಿದೆ ಎಂಬುದು ಮಂಗಳೂರಿನವರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ದೇಶಕ್ಕೆ ತೈಲದ ಅಭಾವ ಬಂದರೆ ಇರಲಿ ಎಂದು ಕೇಂದ್ರ ಸರಕಾರ ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಗಟ್ಟಿಬಂಡೆ ಕೊರೆದು ಭೂಗತ ಸಂಗ್ರಹಾಗಾರ ಕಟ್ಟಿದೆ. ಮಂಗಳೂರಿನದರ ಸಾಮರ್ಥ್ಯ 15 ಲಕ್ಷ ಟನ್. ಇದರ ಅರ್ಧದಷ್ಟನ್ನು ಬಳಸಿಕೊಳ್ಳಲು ಅಡ್ನಾಕ್ ಒಪ್ಪಂದ ಮಾಡಿಕೊಂಡಿತು. 2018ರ ಮೇ ತಿಂಗಳಲ್ಲಿ ಅದರ ಮೊದಲ ಹಡಗಿನ ಎಣ್ಣೆ ಇಲ್ಲಿಗೆ ಬಂತು. ಹಾಗಾಗಿ ದುಬೈ ಸಭೆಯನ್ನು ದೂರದ ಊರಿನ ಜಾತ್ರೆಯೆಂದು ನೋಡುವ ಹಕ್ಕು ಬೇರೆ ಊರಿನವರಿಗೆ ಇದ್ದೀತು, ಈ ಊರಿಗಿಲ್ಲ.

ಈ ನಗರದ ಪಾಡು ವಿಚಿತ್ರ. ಉತ್ತರದ ಕುತ್ತೆತ್ತೂರಿನಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲ ಎಂಆರ್‌ಪಿಎಲ್. ಪಣಂಬೂರಿನ ಬಂದರಿನಲ್ಲಿ ವಿದೇಶದ ಕಲ್ಲಿದ್ದಲು ಇಳಿದು ರೈಲು ಹತ್ತಿ, ಪಡುಬಿದ್ರಿ ಪಕ್ಕದ ಎಲ್ಲೂರಿನ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಸೇರುತ್ತದೆ. ನೇತ್ರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಹೋದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲ. ಅಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಸುದ್ದಿ. ಜಗತ್ತನ್ನು ಬಿಸಿ ಮಾಡುವ ಇಂಧನವೂ ಬಿಸಿಯಾದ ಕಡಲಿನ ಹೊಡೆತವೂ ಒಂದೇ ತಾಸಿನ ಬಸ್ ಪ್ರಯಾಣದೊಳಗೆ ಸಿಗುವ ಊರುಗಳು ಭಾರತದಲ್ಲಿ ಹೆಚ್ಚಿಲ್ಲ.

ಶೃಂಗಸಭೆ ಎಂದಾಗ ಟಿವಿಯಲ್ಲಿ ಕಾಣುವುದು ನಾಯಕರ ಸಾಲು ಫೋಟೊ. ನಿಜವಾದ ಕೆಲಸ ನಡೆಯುವುದು ಕರಡಿನ ಮೇಲೆ. ಹವಾಮಾನ ಒಪ್ಪಂದದಲ್ಲಿರುವ 198 ಸದಸ್ಯರ ಪ್ರತಿನಿಧಿಗಳು ಜೂನ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲೊಮ್ಮೆ, ವರ್ಷದ ಕೊನೆಗೆ ಆತಿಥೇಯ ದೇಶದಲ್ಲೊಮ್ಮೆ ಕೂತು ವಾಕ್ಯ ವಾಕ್ಯವನ್ನೂ ಜಗ್ಗಾಡುತ್ತಾರೆ. ಒಪ್ಪಿಗೆಯಾಗದ ಭಾಗ ಚೌಕ ಆವರಣದೊಳಗೆ ಹೋಗುತ್ತದೆ. ಆವರಣಗಳು ಒಂದೊಂದಾಗಿ ಕಳಚಿದರೆ ಒಪ್ಪಂದ, ಇಲ್ಲವಾದರೆ ಮುಂದಿನ ವರ್ಷ. ಇಲ್ಲಿ ಬಹುಮತಕ್ಕೆ ಬೆಲೆಯಿಲ್ಲ, ಎಲ್ಲರೂ ಒಪ್ಪಬೇಕು. ಸೌದಿ ಅರೇಬಿಯಾ ಬೇಡವೆಂದರೂ ನಿಂತಿತು, ಕಡಲ ನಡುವಿನ ಪುಟ್ಟ ತುವಾಲು ಬೇಡವೆಂದರೂ ನಿಂತಿತು. ನಿರ್ಣಯಗಳು ಅಷ್ಟೊಂದು ನೀರು ನೀರಾಗಿರುವುದಕ್ಕೆ ಇದೇ ಕಾರಣ. ತುವಾಲುವಿನಂಥ ದೇಶಕ್ಕೆ ಅಮೆರಿಕದ ಸಮಕ್ಕೆ ಕೂರುವ ಜಾಗ ಇಲ್ಲಿ ಸಿಗುವುದಕ್ಕೂ ಇದೇ ಕಾರಣ.

ಈ ಸಭೆಗಳ ಕಥೆ 1972ರ ಸ್ಟಾಕ್‌ಹೋಮ್‌ನಿಂದ ಶುರು. ಪರಿಸರದ ಬಗ್ಗೆ ನಡೆದ ಆ ಮೊದಲ ಮಹಾಸಭೆಗೆ ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಹೋದ ಏಕೈಕ ಪ್ರಧಾನಿ ಇಂದಿರಾ ಗಾಂಧಿ. 1992ರಲ್ಲಿ ರಿಯೋ ಡಿ ಜನೈರೋದಲ್ಲಿ ಹವಾಮಾನ ಒಪ್ಪಂದದ ಚೌಕಟ್ಟಿಗೆ ಸಹಿ ಬಿತ್ತು. 1995ರಲ್ಲಿ ಬರ್ಲಿನ್‌ನಲ್ಲಿ ಮೊದಲ ಶೃಂಗಸಭೆ ನಡೆಯಿತು. 1997ರ ಕ್ಯೋಟೋ ಒಪ್ಪಂದ ಶ್ರೀಮಂತ ರಾಷ್ಟ್ರಗಳಿಗೆ ಮಾತ್ರ ಹೊಗೆ ಇಳಿಸುವ ಗುರಿ ಹಾಕಿತು, ಅಮೆರಿಕದ ಸಂಸತ್ತು ಅದನ್ನು ಅನುಮೋದಿಸಲೇ ಇಲ್ಲ. 2009ರ ಕೋಪನ್‌ಹೇಗನ್ ಸಭೆ ಮುರಿದು ಬೀಳುವ ಹಂತದಲ್ಲಿದ್ದಾಗ ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ ನಾಯಕರು ಒಂದು ಕೋಣೆಯಲ್ಲಿ ಮಾತಾಡುತ್ತಿದ್ದರು. ಬರಾಕ್ ಒಬಾಮ ಕರೆಯದೇ ಆ ಕೋಣೆಗೆ ನುಗ್ಗಿ ಕುರ್ಚಿ ಎಳೆದುಕೊಂಡು ಕೂತರಂತೆ. ಅಲ್ಲಿ ಭಾರತದ ಪರಿಸರ ಸಚಿವರಾಗಿದ್ದವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. ಮರುವರ್ಷ ಮೆಕ್ಸಿಕೋದ ಕಾನ್‌ಕೂನ್‌ನಲ್ಲಿ, ಯಾವ ದೇಶ ಎಷ್ಟು ಮಾಡಿದೆ ಎಂದು ಪರಸ್ಪರ ಪರಿಶೀಲಿಸುವ ವಿಧಾನದ ಬಗ್ಗೆ ಅವರು ಮುಂದಿಟ್ಟ ಸೂತ್ರ ಬಿಗಿಗಂಟನ್ನು ಸಡಿಲಿಸಿತು. 2015ರ ಪ್ಯಾರಿಸ್ ಒಪ್ಪಂದ ಎಲ್ಲ ದೇಶಗಳನ್ನೂ ಒಳಗೆ ತಂದಿತು. ಆದರೆ ಗುರಿಯನ್ನು ಆಯಾ ದೇಶವೇ ಹಾಕಿಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟನ್ನು ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ ಪಡೆಯುತ್ತೇವೆ ಎಂದಿದ್ದ ಭಾರತ 2025ರಲ್ಲೇ ಆ ಗುರಿ ಮುಟ್ಟಿತು. ಸಾಮರ್ಥ್ಯ ಅರ್ಧವಾದರೂ ಉತ್ಪಾದನೆಯಲ್ಲಿ ಕಲ್ಲಿದ್ದಲೇ ಇನ್ನೂ ಯಜಮಾನ ಎಂಬುದನ್ನೂ ಜೊತೆಗೇ ಹೇಳಬೇಕು.

ಇಷ್ಟೆಲ್ಲ ಸಭೆಗಳಿಂದ ನಮ್ಮ ಕಡೆಗೆ ಏನು ಬಂತು?

ಒಂದು ಉದಾಹರಣೆ ಬಾಗೇಪಲ್ಲಿಯದು. ಕ್ಯೋಟೋ ಒಪ್ಪಂದದಲ್ಲಿ ಒಂದು ಕಿಂಡಿಯಿತ್ತು. ಬಡ ದೇಶದಲ್ಲಿ ಹೊಗೆ ಕಡಿಮೆ ಮಾಡಿದರೆ ಅದರ ಲೆಕ್ಕವನ್ನು ಶ್ರೀಮಂತ ದೇಶದ ಖರೀದಿದಾರರಿಗೆ ಮಾರಬಹುದು. ಬಾಗೇಪಲ್ಲಿ ಕೂಲಿ ಸಂಘ ಈ ಕಿಂಡಿಯನ್ನು ಹಿಡಿದು 5,500 ಮನೆಗಳಿಗೆ ಗೋಬರ್ ಗ್ಯಾಸ್ ಘಟಕ ಕಟ್ಟಿಸುವ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಡಿ ನೋಂದಾಯಿಸಿತು. ಕಟ್ಟಿಗೆ, ಸೀಮೆಎಣ್ಣೆ ಉರಿಸದೆ ಉಳಿಸಿದ ಹೊಗೆಗೆ ಬೆಲೆ ಬಂತು. ಕೂಲಿ ಮಾಡುವ ಹೆಂಗಸಿನ ಅಡುಗೆಮನೆ ಜಪಾನಿನ ಕ್ಯೋಟೋದಲ್ಲಿ ಬರೆದ ಒಂದು ಪುಟಕ್ಕೆ ಹೀಗೆ ತಳಕು ಹಾಕಿಕೊಂಡಿತು.

ಇನ್ನೊಂದು ಕಥೆ ಕರಾವಳಿಯ ಬ್ಯಾಂಕುಗಳದು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಹುಟ್ಟುಹಾಕಿದ ಸಂಸ್ಥೆ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಈ ಎರಡು ಬ್ಯಾಂಕುಗಳೊಂದಿಗೆ ಕೈಜೋಡಿಸಿ ಸೋಲಾರ್ ದೀಪಗಳಿಗೆ ಸಾಲ ಕೊಡಿಸುವ ಯೋಜನೆ ಆರಂಭಿಸಿತು. ಆಗ ಹಳ್ಳಿಯ ಶಾಖೆಗೆ ಹೋಗಿ ಸೋಲಾರ್ ಸಾಲ ಕೇಳಿದರೆ ಮ್ಯಾನೇಜರರ ಹತ್ತಿರ ಅದಕ್ಕೆ ಅರ್ಜಿ ನಮೂನೆಯೂ ಇರುತ್ತಿರಲಿಲ್ಲ. ಎಮ್ಮೆಗೆ ಸಾಲವಿತ್ತು, ಪಂಪ್‌ಸೆಟ್ಟಿಗಿತ್ತು, ಮಾಡಿನ ಮೇಲಿನ ಗಾಜಿನ ಹಲಗೆಗೆ ಇರಲಿಲ್ಲ. ವಿಶ್ವಸಂಸ್ಥೆಯ ಹಣ ಯಾರಿಗೂ ಒಂದು ದೀಪವನ್ನೂ ಕೊಂಡುಕೊಡಲಿಲ್ಲ. ಸಾಲದ ಬಡ್ಡಿಯ ಒಂದು ಪಾಲನ್ನು ಅದು ಭರಿಸಿತು, ಬ್ಯಾಂಕ್ ಸಿಬ್ಬಂದಿಗೆ ತರಬೇತಿ ಕೊಟ್ಟಿತು, ಒಳ್ಳೆಯ ಮಾಲು ಕೊಡುವ ಕಂಪನಿಗಳನ್ನು ಗುರುತಿಸಿತು. ನಂತರ ಬಡ್ಡಿಯ ನೆರವನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಿತು. ಕರ್ನಾಟಕದ ಸುಮಾರು ಒಂದು ಲಕ್ಷ ಜನರ ಮನೆಗೆ ಇದರಿಂದ ಬೆಳಕು ಬಂತೆಂದು ಪರಿಸರ ಕಾರ್ಯಕ್ರಮ 2007ರಲ್ಲಿ ಲೆಕ್ಕ ಕೊಟ್ಟಿತು. ನೆರವು ನಿಂತ ಮೇಲೂ ಬ್ಯಾಂಕುಗಳು ಸೋಲಾರ್ ಸಾಲ ಕೊಡುವುದನ್ನು ಬಿಡಲಿಲ್ಲ. ಸಾವಿರಾರು ಕೋಟಿಯ ಘೋಷಣೆಗಳ ಮುಂದೆ ಈ ಯೋಜನೆ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಆದರೂ ಜಾಗತಿಕ ಸಹಕಾರ ಎಂಬುದು ಕೆಲಸ ಮಾಡಿದ ಉದಾಹರಣೆ ಕೇಳಿದರೆ ಮೊದಲು ತೋರಿಸಬೇಕಾದದ್ದು ಇದನ್ನೇ.

ಉಳ್ಳಾಲದ ಕಥೆ ಇಷ್ಟು ಸಲೀಸಲ್ಲ.

ನೇತ್ರಾವತಿ, ಗುರುಪುರ ಎರಡೂ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಅಳಿವೆಯ ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. ದಕ್ಕೆಗೆ ಬಂದು ಹೋಗುವ ಬೋಟುಗಳ ದಾರಿಯಲ್ಲಿ ಹೂಳು ತುಂಬದಿರಲೆಂದು 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಬ್ರೇಕ್‌ವಾಟರ್ ಕಟ್ಟಲಾಯಿತು. ಕಡಲತೀರದ ಮರಳು ನಿಂತಲ್ಲಿ ನಿಲ್ಲುವುದಿಲ್ಲ, ತೆರೆಗಳ ಜೊತೆ ತೀರದುದ್ದಕ್ಕೂ ಚಲಿಸುತ್ತಿರುತ್ತದೆ. ಅದರ ದಾರಿಗೆ ಕಲ್ಲಿನ ಗೋಡೆ ಅಡ್ಡ ಬಂದಾಗ ಬೆಂಗ್ರೆಯ ಬದಿಗೆ ಮರಳು ಕೂತಿತು, ಉಳ್ಳಾಲದ ಬದಿಯಲ್ಲಿ ಕೊರೆತ ಹೆಚ್ಚಿತು. ನದಿಗಳ ಮೇಲೆ ಕಟ್ಟಿದ ಅಣೆಕಟ್ಟು, ಎಗ್ಗಿಲ್ಲದ ಮರಳುಗಾರಿಕೆ ಸೇರಿ ಕಡಲಿಗೆ ಬರುವ ಮರಳೂ ಕಡಿಮೆಯಾಯಿತು. ಅಂದರೆ ಉಳ್ಳಾಲದ ಎಲ್ಲ ನಷ್ಟವನ್ನೂ ಬಿಸಿಯಾದ ಭೂಮಿಯ ಖಾತೆಗೆ ಬರೆಯಲು ಬರುವುದಿಲ್ಲ. ಮೊದಲ ಪೆಟ್ಟು ನಮ್ಮದೇ ಕೈಯದು. ಅದರ ಮೇಲೆ ಏರುತ್ತಿರುವ ಕಡಲು, ಕೆರಳುತ್ತಿರುವ ಚಂಡಮಾರುತಗಳ ಹೊಡೆತ.

ವರ್ಷಗಟ್ಟಲೆ ಇಲ್ಲಿ ನಡೆದ ಪರಿಹಾರ ಒಂದೇ, ಕಲ್ಲು ಹಾಕುವುದು. ಮಳೆಗಾಲದ ನಡುವೆ ಲಾರಿಗಳಲ್ಲಿ ಬಂಡೆಕಲ್ಲು ಬರುತ್ತದೆ, ಜೆಸಿಬಿ ಅದನ್ನು ತೀರಕ್ಕೆ ಉರುಳಿಸುತ್ತದೆ, ಮುಂದಿನ ಮಳೆಗಾಲಕ್ಕೆ ಕಲ್ಲು ಮರಳಿನಲ್ಲಿ ಹೂತು ಹೋಗಿರುತ್ತದೆ, ಮತ್ತೆ ಟೆಂಡರ್. ಕಡಲಿಗೆ ಕಲ್ಲು ಹಾಕಿದ ಲೆಕ್ಕವನ್ನು ಯಾರು ಎಣಿಸಲು ಸಾಧ್ಯ ಎಂದು ಊರಿನಲ್ಲಿ ತಮಾಷೆ ಮಾಡುವುದು ಸುಮ್ಮನೆ ಅಲ್ಲ.

ಈ ಚಕ್ರ ತಪ್ಪಿಸಲು 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಕರ್ನಾಟಕ, ಮಹಾರಾಷ್ಟ್ರ ಸೇರಿದಂತೆ ಪಶ್ಚಿಮ ಕರಾವಳಿಗೆ 25 ಕೋಟಿ ಡಾಲರ್ ಸಾಲದ ಕಾರ್ಯಕ್ರಮ ಮಂಜೂರು ಮಾಡಿತು. ಕರ್ನಾಟಕದಲ್ಲಿ ಮೊದಲು ಕೈಗೆತ್ತಿಕೊಂಡದ್ದು ಉಳ್ಳಾಲವನ್ನು. ಊರಿನವರ ಬಾಯಲ್ಲಿ ಅದು ಈಗಲೂ 'ಎಡಿಬಿ ಕಾಮಗಾರಿ'. ತೀರಕ್ಕೆ ಗೋಡೆ ಕಟ್ಟುವ ಬದಲು ಕೆಲವು ನೂರು ಮೀಟರ್ ಆಚೆ ನೀರಿನಡಿಯಲ್ಲಿ ದಿಬ್ಬಗಳನ್ನು ಕಟ್ಟಿದರು. ಎಂಜಿನಿಯರುಗಳು ಅದನ್ನು ರೀಫ್ ಎನ್ನುತ್ತಾರೆ. ದೊಡ್ಡ ತೆರೆ ದಡಕ್ಕೆ ಬರುವ ಮೊದಲೇ ದಿಬ್ಬಕ್ಕೆ ಎಡವಿ ಮುರಿಯುತ್ತದೆ, ದಡಕ್ಕೆ ಬರುವುದು ಬಲ ಕಳೆದುಕೊಂಡ ನೀರು. ಅದಕ್ಕಿಂತ ಒಳಗೆ, ತೀರದ ಸನಿಹದಲ್ಲಿ ಬರ್ಮ್ ಎಂಬ ಕಲ್ಲಿನ ದಿಬ್ಬಗಳು. ಹಳೆಯ ಬ್ರೇಕ್‌ವಾಟರುಗಳನ್ನೂ ದುರಸ್ತಿ ಮಾಡಿದರು. ಉಳ್ಳಾಲದ ಕೆಲವು ಭಾಗ ಉಸಿರಾಡಿತು. ಆದರೆ ಕೊರೆತ ದಕ್ಷಿಣಕ್ಕೆ ಸರಿಯಿತು ಎಂಬ ದೂರು ಸೋಮೇಶ್ವರ, ಉಚ್ಚಿಲದ ಕಡೆಯಿಂದ ಇನ್ನೂ ನಿಂತಿಲ್ಲ. 2022ರ ಮಳೆಗಾಲದಲ್ಲಿ ಉಚ್ಚಿಲದ ಬಟ್ಟಪ್ಪಾಡಿಯಲ್ಲಿ ತೀರದ ರಸ್ತೆಯೇ ಕಡಲುಪಾಲಾಯಿತು.

ಇಲ್ಲಿ ಗಮನಿಸಬೇಕಾದ್ದು, ಆ 25 ಕೋಟಿ ಡಾಲರ್ ದಾನವಲ್ಲ, ಸಾಲ. ಹವಾಮಾನ ಹಣಕಾಸಿನ ಜಗಳದ ಬುಡ ಇದೇ. ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಶ್ರೀಮಂತ ದೇಶಗಳು ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು, ಗಡುವು 2020. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಸರಕಾರಗಳ ಕಡೆಯಿಂದ ಬಂದ ಹಣದ ಮೂರನೇ ಎರಡರಷ್ಟು ಭಾಗ ಸಾಲವೇ. ಮನೆಗೆ ಬೆಂಕಿ ಹಚ್ಚಿದವನು ನೀರಿನ ಕೊಡಕ್ಕೆ ಬಡ್ಡಿ ಕೇಳಿದಂತೆ. 2024ರಲ್ಲಿ ಬಾಕು ಸಭೆ ಈ ಮೊತ್ತವನ್ನು 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರಿಗೆ ಏರಿಸುವುದಾಗಿ ಹೇಳಿ, ಭಾರತದ ಆಕ್ಷೇಪ ಕೇಳುವ ಮೊದಲೇ ಸುತ್ತಿಗೆ ಕುಟ್ಟಿ ಮುಗಿಸಿತು. ಭಾರತದ ಪ್ರತಿನಿಧಿ ಚಾಂದನಿ ರೈನಾ ಎದ್ದು ನಿಂತು ಇದು ಬರೀ ಕಣ್ಕಟ್ಟು ಎಂದರು. ತಲಾವಾರು ಲೆಕ್ಕದಲ್ಲಿ ಒಬ್ಬ ಅಮೆರಿಕನ್ನನ ಇಂಗಾಲದ ಹೊಗೆ ಒಬ್ಬ ಭಾರತೀಯನದಕ್ಕಿಂತ ಆರೇಳು ಪಟ್ಟು ಹೆಚ್ಚಿರುವಾಗ ಆ ಸಿಟ್ಟು ನ್ಯಾಯವಾದದ್ದೇ.

ಹಾಗೆಂದು ಭಾರತ ಸದಾ ಬಲಿಪಶುವಲ್ಲ. 2021ರ ಗ್ಲಾಸ್ಗೋ ಸಭೆಯ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು ಪೂರ್ತಿ ಕೈಬಿಡುವ ಸಾಲನ್ನು ಹಂತ ಹಂತವಾಗಿ ತಗ್ಗಿಸುವ ಸಾಲಾಗಿ ಬದಲಿಸಲು ಪಟ್ಟು ಹಿಡಿದದ್ದು ಭಾರತವೇ. ಸಭಾಧ್ಯಕ್ಷ ಅಲೋಕ್ ಶರ್ಮಾ ಕಣ್ಣೀರು ತಡೆದುಕೊಳ್ಳಲಾಗದೆ ಕ್ಷಮೆ ಕೇಳಿದರು. ಕೋಟ್ಯಂತರ ಬಡವರಿಗೆ ಕರೆಂಟು ಬೇಕು ಎಂಬ ದೆಹಲಿಯ ವಾದದಲ್ಲಿ ಹುರುಳಿದೆ. ಎಲ್ಲೂರಿನ ಸ್ಥಾವರದ ಬೂದಿ, ಉಪ್ಪುನೀರಿನ ಬಗ್ಗೆ ವರ್ಷಗಳಿಂದ ದೂರುತ್ತ ಬಂದ ಸುತ್ತಲ ರೈತರಿಗೆ ಆ ವಾದ ಬೇರೆಯೇ ರೀತಿ ಕೇಳಿಸುತ್ತದೆ.

ಈ ನಡುವೆ ಕಡಲು ಯಾವ ಸಭೆಗೂ ಕಾಯುತ್ತಿಲ್ಲ. ಒಂದು ಕಾಲಕ್ಕೆ ಚಂಡಮಾರುತವೆಂದರೆ ಬಂಗಾಳಕೊಲ್ಲಿಯದು, ಅರಬ್ಬಿ ಸಮುದ್ರ ಸಾಧು ಎಂಬ ನಂಬಿಕೆಯಿತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನದ ಪ್ರಕಾರ ಇತ್ತೀಚಿನ ದಶಕಗಳಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಏರಿದೆ. 2017ರಲ್ಲಿ ಓಖಿ, 2019ರಲ್ಲಿ ಕ್ಯಾರ್, 2021ರ ಮೇ ತಿಂಗಳಲ್ಲಿ ತೌಕ್ತೆ. ತೌಕ್ತೆ ದಡ ಮುಟ್ಟಿದ್ದು ಗುಜರಾತಿನಲ್ಲಾದರೂ ಹಾದುಹೋಗುವಾಗಲೇ ಕರಾವಳಿಯನ್ನು ಜಾಲಾಡಿತು. ಕಾಪು ಹತ್ತಿರ ಬಂಡೆಗಳ ನಡುವೆ ಸಿಕ್ಕಿಹಾಕಿಕೊಂಡ 'ಕೋರಮಂಡಲ್ ಸಪೋರ್ಟರ್ 9' ಎಂಬ ಟಗ್‌ನಲ್ಲಿದ್ದ 9 ಮಂದಿಯನ್ನು ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್, ದೋಣಿ ಬಳಸಿ ಕಾಪಾಡಿದವು. 'ಅಲಯನ್ಸ್' ಎಂಬ ಇನ್ನೊಂದು ಟಗ್ ಮಗುಚಿ ಸಾವುಗಳಾದವು.

ಆ ಹೊತ್ತಿಗೆ ಆಳಸಮುದ್ರದಲ್ಲಿದ್ದ ಮೀನುಗಾರಿಕಾ ಬೋಟುಗಳಿಗೆ ಮರಳಿ ಬರುವಂತೆ ಮೊದಲೇ ಸಂದೇಶ ಹೋಗಿತ್ತು. ಈ ಮುನ್ನೆಚ್ಚರಿಕೆಯ ಹಿಂದೆ ಯಾರೂ ಗಮನಿಸದ ಒಂದು ಅಂತಾರಾಷ್ಟ್ರೀಯ ಏರ್ಪಾಡಿದೆ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳ ಮೇಲೆ ಕಣ್ಣಿಡಲು 13 ದೇಶಗಳ ಒಂದು ಮಂಡಳಿಯಿದ್ದು, ಇಡೀ ಪ್ರದೇಶಕ್ಕೆ ಮುನ್ಸೂಚನೆ ಕೊಡುವ ಹೊಣೆ ದೆಹಲಿಯ ಹವಾಮಾನ ಇಲಾಖೆಯದು. ಹೆಸರಿಡುವುದು ಸರದಿಯ ಮೇಲೆ. ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು, ಓಖಿ ಬಾಂಗ್ಲಾದೇಶದ್ದು, 2021ರ ಗುಲಾಬ್ ಪಾಕಿಸ್ತಾನದ್ದು. ಭಾರತ, ಪಾಕಿಸ್ತಾನ, ಇರಾನ್, ಯೆಮೆನ್ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಲ್ಲುವ ಇಂಥ ಜಾಗಗಳು ವಿರಳ. ಇಲ್ಲಿ ಭಾಷಣವಿಲ್ಲ, ಫೋಟೊ ಇಲ್ಲ. ದಕ್ಕೆಯ ಬೋಟಿನ ಮಾಲಕರಿಗೆ ಪ್ಯಾರಿಸ್ ಒಪ್ಪಂದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಇದೇ ಎಂದರೆ ತಪ್ಪಾಗದು.

ಬಂದರಿನ ಕಡೆಗೆ ಬರುತ್ತಿರುವ ನಿಯಮಗಳ ಬಗ್ಗೆಯೂ ಒಂದು ಮಾತು. ಪಣಂಬೂರಿನ ಕೆಐಒಸಿಎಲ್ ಘಟಕದಲ್ಲಿ ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಪೆಲೆಟ್ ಮಾಡುತ್ತಾರೆ. ಐರೋಪ್ಯ ಒಕ್ಕೂಟ ಗಡಿಯಲ್ಲಿ ವಿಧಿಸುವ ಇಂಗಾಲ ತೆರಿಗೆ 2026ರ ಜನವರಿಯಿಂದ ಜಾರಿಗೆ ಬಂದಿದೆ. ಉಕ್ಕು, ಅಲ್ಯುಮಿನಿಯಂ, ಸಿಮೆಂಟ್, ಗೊಬ್ಬರಗಳ ಜೊತೆ ಇಂಥ ಪೆಲೆಟ್ಟುಗಳೂ ಅದರ ಪಟ್ಟಿಯಲ್ಲಿವೆ. ಯುರೋಪಿಗೆ ಕಳಿಸುವುದಾದರೆ ಇನ್ನು ಮುಂದೆ ಮಾಲಿನ ಜೊತೆ ಹೊಗೆಯ ಲೆಕ್ಕವನ್ನೂ ಕಳಿಸಬೇಕು. ಹಡಗುಗಳ ಹೊಗೆಗೆ ಜಾಗತಿಕ ದರ ಕಟ್ಟುವ ಪ್ರಸ್ತಾವವನ್ನು 2025ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅಂತಾರಾಷ್ಟ್ರೀಯ ಕಡಲ ಸಂಸ್ಥೆ 57–49 ಮತಗಳಿಂದ ಒಂದು ವರ್ಷ ಮುಂದೂಡಿತು. ಅಮೆರಿಕ ಆ ದರಕ್ಕೆ ಬಲವಾಗಿ ಅಡ್ಡ ನಿಂತಿತ್ತು. ಅದೇ ಅಮೆರಿಕ ಪ್ಯಾರಿಸ್ ಒಪ್ಪಂದದಿಂದ ಎರಡನೇ ಬಾರಿ ಹೊರನಡೆದಿದೆ.

2025ರ ನವೆಂಬರ್‌ನಲ್ಲಿ ಬ್ರೆಜಿಲ್ಲಿನ ಬೆಲೆಂ ಸಭೆ ಹೊಂದಾಣಿಕೆಯ ಹಣವನ್ನು 2035ರೊಳಗೆ ಮೂರು ಪಟ್ಟು ಮಾಡುವ ಪ್ರಯತ್ನಕ್ಕೆ ಕರೆ ಕೊಟ್ಟಿತು. ಹೊಂದಾಣಿಕೆ ಎಂದರೆ ಹೊಗೆ ಇಳಿಸುವುದಲ್ಲ, ಆಗಿಹೋದ ಬದಲಾವಣೆಗೆ ತಕ್ಕಂತೆ ಊರನ್ನು ಸಜ್ಜುಗೊಳಿಸುವುದು: ಉಳ್ಳಾಲದ ರೀಫ್‌ನಂಥದ್ದು. ಪಳೆಯುಳಿಕೆ ಇಂಧನ ಬಿಡುವ ಮಾರ್ಗನಕ್ಷೆ ಬೇಕೆಂದು 80ಕ್ಕೂ ಹೆಚ್ಚು ದೇಶಗಳು ಕೇಳಿದರೂ ಅದು ನಿರ್ಣಯದಲ್ಲಿ ಬರಲಿಲ್ಲ. ಹವಾಮಾನದ ಹೊಡೆತದಿಂದ ಈಗಾಗಲೇ ಆದ ನಷ್ಟಕ್ಕೆಂದು ಸ್ಥಾಪಿಸಿದ ಹೊಸ ನಿಧಿ ಅಲ್ಲಿಯೇ ಮೊದಲ ಬಾರಿಗೆ ಅರ್ಜಿ ಕರೆಯಿತು. ಆರಂಭದ ಹಂತಕ್ಕೆ ಇಟ್ಟಿರುವುದು 25 ಕೋಟಿ ಡಾಲರ್. 2010ರಲ್ಲಿ ನಮ್ಮ ಪಶ್ಚಿಮ ಕರಾವಳಿಗೊಂದಕ್ಕೇ ಎಡಿಬಿ ಮಂಜೂರು ಮಾಡಿದ್ದ ಸಾಲದಷ್ಟೇ ಮೊತ್ತ, ಈಗ ಇಡೀ ಅಭಿವೃದ್ಧಿಶೀಲ ಜಗತ್ತಿಗೆ!

ಹೀಗಾಗಿ ದೊಡ್ಡ ಹಣ ಬಂದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ. ಬರುವ ಅಷ್ಟಿಷ್ಟು ಹಣವೂ ಕಾಗದಪತ್ರ ಸರಿಯಿದ್ದವರ ಕಡೆಗೇ ಹರಿಯುತ್ತದೆ. ದೇಶದೊಳಗೂ ಅಷ್ಟೇ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ಕಳೆದುಕೊಂಡವರ ಮರುವಸತಿಗೆ 1,000 ಕೋಟಿ ರೂಪಾಯಿ ತೆಗೆದಿರಿಸಲು ಶಿಫಾರಸು ಮಾಡಿತ್ತು. ಅದು ನದಿ, ಕಡಲು ಎರಡೂ ಸೇರಿ ಇಡೀ ದೇಶಕ್ಕೆ. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2040ರ ವೇಳೆಗೆ ಮಂಗಳೂರು, ಉಡುಪಿಯಂಥ ನಗರಗಳ ಶೇ. 1ರಿಂದ 5ರಷ್ಟು ನೆಲ ಏರುವ ಕಡಲಿನಡಿ ಹೋಗಬಹುದು. ಆ ನೆಲ ಯಾರದ್ದು, ಅಲ್ಲಿ ಏನಿತ್ತು ಎಂದು ನಾಳೆ ಕೇಳಿದರೆ ತೋರಿಸಲು ನಮ್ಮಲ್ಲಿ ಏನಿದೆ? ಮನೆ ಬಿದ್ದ ದಿನ ಬರೆದ ಮಹಜರು ಒಂದು ಕಚೇರಿಯಲ್ಲಿ, ಫೋಟೊ ಹಳೆಯ ಪತ್ರಿಕೆಯಲ್ಲಿ, ತೆಂಗಿನಮರಗಳ ಲೆಕ್ಕ ಅಜ್ಜಿಯ ನೆನಪಿನಲ್ಲಿ. ಆರ್‌ಟಿಸಿಯಲ್ಲಿ ಹತ್ತು ಸೆಂಟ್ಸ್ ಇದ್ದರೂ ಜಾಗ ಇರುವುದು ನೀರಿನೊಳಗೆ.

ಉಳ್ಳಾಲ ನಗರಸಭೆ, ಸೋಮೇಶ್ವರ ಪುರಸಭೆ, ತಾಲೂಕು ಕಚೇರಿ ಮತ್ತು ಬಂದರು ಇಲಾಖೆ ಸೇರಿ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ. ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಂಸ್ಥೆ ಪಕ್ಕದಲ್ಲೇ ಇರುವಾಗ ತಾಂತ್ರಿಕ ನೆರವಿಗೆ ದೂರ ಹೋಗಬೇಕಾಗಿಯೂ ಇಲ್ಲ. ಕಡಲು ಕೊಂಡೊಯ್ದ ಪ್ರತಿಯೊಂದು ಮನೆ, ಬಾವಿ, ರಸ್ತೆ, ತೆಂಗಿನಮರಕ್ಕೂ ತಾರೀಖು, ಸರ್ವೆ ನಂಬರು, ಫೋಟೊ ಸಹಿತ ಒಂದು ಕಡತ ತೆರೆಯಲಿ. ತೀರದ ಮನೆಗಳವರೂ ತಮ್ಮಲ್ಲಿರುವ ಹಳೆಯ ಫೋಟೊ, ತೆರಿಗೆ ರಶೀದಿಗಳನ್ನು ಬಿಸಾಡದೆ ಅದಕ್ಕೆ ಸೇರಿಸಲಿ.